ಅತಿಮಾನವನ ಶಕ್ತಿಯೂ ಅದರ ಬೆಲೆಯೂ

ಬೀಳುವ ವಸ್ತುಗಳ ನಿಯಮವನ್ನು ಬೋಧಿಸುವಾಗ ನಾವು ಅಧ್ಯಾಪಕರು ಗೋಪುರದ ತುದಿಯಿಂದ ಒಂದು ಕಲ್ಲನ್ನು ಕೆಡಹುವುದು ವಾಡಿಕೆ. ಕಲ್ಲಿಗೆ ಬಂಧುಬಳಗವಿಲ್ಲ, ಅದು ನೆಲಕ್ಕೆ ಬಡಿದರೆ ಅಳುವವರಿಲ್ಲ. ಒಮ್ಮೆ ಪ್ರಥಮ ಬಿ.ಎಸ್‌ಸಿ. ತರಗತಿಯಲ್ಲಿ ಇಂಥದೊಂದು ಕಲ್ಲು ಕರಿಹಲಗೆಯ ಮೇಲೆ ಬೀಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದುನಿಂತು, “ಸಾರ್, ಸ್ಪೈಡರ್‌ಮ್ಯಾನ್ ಕಥೇಲಿ ಗ್ವೆನ್ ಸೇತುವೆ ಮೇಲಿಂದ ಬೀಳ್ತಾಳಲ್ಲ, ಬಲೆ ಅವಳನ್ನ ಹಿಡಿದೇ ಹಿಡಿಯುತ್ತೆ. ಆದರೂ ಅವಳು ಯಾಕೆ ಸಾರ್ ಸಾಯ್ತಾಳೆ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, ಪಾಠ ಮುಗಿಯಲಿ ಎಂದು ಅವನನ್ನು ಕುಳ್ಳಿರಿಸಿದೆ. ಅವನು ಮಾತ್ರ ನಗಲಿಲ್ಲ.

ಸಂಜೆ ಮನೆಗೆ ಹಿಂತಿರುಗುವಾಗ ಆ ಪ್ರಶ್ನೆಯೂ ನನ್ನ ಜೊತೆಯಲ್ಲೇ ಬಂದಿತು. ಬಿದ್ದವಳು ನೆಲವನ್ನು ಮುಟ್ಟಲಿಲ್ಲ, ಹಿಡಿಯಬೇಕಾದವನು ಹಿಡಿದ, ಆದರೂ ಅವಳು ಬದುಕಲಿಲ್ಲ. ಹಾಗಾದರೆ ಕೊಂದುದು ಯಾವುದು? ನಾನು ಅಂದು ಬೋಧಿಸಿದ ಲೆಕ್ಕಗಳಲ್ಲಿ ಒಂದಕ್ಕೂ ಈ ಪ್ರಶ್ನೆಯ ತೀಕ್ಷ್ಣತೆ ಇರಲಿಲ್ಲ. ಅತಿಮಾನವ ವೀರರ ಅಥವಾ ಸೂಪರ್‌ಹೀರೋಗಳ ಚಲಚ್ಚಿತ್ರಗಳೆಂದರೆ ಹುಡುಗರ ವಿನೋದವೆಂದು ಅದುವರೆಗೆ ಬಗೆದಿದ್ದ ನಾನು, ಆ ಬಳಿಕ ಎರಡು ತಿಂಗಳ ಕಾಲ ರಾತ್ರಿಯ ಊಟವಾದ ಮೇಲೆ ಅವುಗಳನ್ನು ಒಂದಾದ ಮೇಲೊಂದರಂತೆ ನೋಡಿದೆ. ಮನೆಯವರು ಮೊದಲು ಬೆರಗಾದರು, ಆಮೇಲೆ ತಾವೂ ಬಂದು ಕುಳಿತರು. ಬಹುಪಾಲು ಚಿತ್ರಗಳು ಬರಿಯ ಗದ್ದಲ. ಕಟ್ಟಡಗಳು ಉರುಳುತ್ತವೆ, ಯಾರೂ ಅದರ ಲೆಕ್ಕ ಕೇಳುವುದಿಲ್ಲ. ಕೆಲವು ಮಾತ್ರ ಮನಸ್ಸಿನಲ್ಲಿ ನಿಂತುವು. ಹಾಗೆ ನಿಂತ ಚಿತ್ರಗಳನ್ನು ಮತ್ತೆ ಪರಿಶೀಲಿಸಿದಾಗ ಒಂದು ವಿಷಯ ಗೋಚರಿಸಿತು: ಅವುಗಳ ಕರ್ತೃಗಳು ತಮ್ಮ ವೀರನಿಗೆ ಯಾವುದೋ ಒಂದು ಮಿತಿಯನ್ನು ವಿಧಿಸಿದ್ದಾರೆ, ಆ ಮಿತಿಯಿಂದ ಒದಗುವ ನಷ್ಟವನ್ನು ಕಡೆಯ ಗಳಿಗೆಯಲ್ಲಿ ಅಳಿಸಿಹಾಕದೆ ಹಾಗೆಯೇ ಉಳಿಸಿದ್ದಾರೆ. ಕಥೆಗಾರನಿಗೆ ಇದು ಸುಲಭದ ಸಾಹಸವಲ್ಲ. ಹಣ ತೆತ್ತು ಬಂದ ಪ್ರೇಕ್ಷಕನು ಗೆಲುವನ್ನು ಬಯಸಿ ಬಂದಿರುತ್ತಾನೆ.

ಮೊದಲಿಗೆ, ಈ ವೀರರಲ್ಲಿ ಹಿರಿಯನಾದವನನ್ನು ನೋಡೋಣ. 1938ರ ಜೂನ್ ತಿಂಗಳ ತಾರೀಖನ್ನು ಹೊತ್ತು ಅಮೆರಿಕದಲ್ಲಿ ಹೊರಬಂದ ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಜೆರಿ ಸೀಗಲ್ ಎಂಬ ಲೇಖಕನೂ ಜೋ ಶುಸ್ಟರ್ ಎಂಬ ಚಿತ್ರಕಾರನೂ ಸೇರಿ ಸೂಪರ್‌ಮ್ಯಾನನನ್ನು ಪರಿಚಯಿಸಿದರು. ಇಂದಿನ ಸೂಪರ್‌ಮ್ಯಾನನನ್ನು ಬಲ್ಲವರಿಗೆ ಅಂದಿನವನ ಸಾಮರ್ಥ್ಯ ಅತ್ಯಲ್ಪವೆಂದು ತೋರಬಹುದು. ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದೇ ನೆಗೆತಕ್ಕೆ ಮೈಲಿಯ ಎಂಟನೆಯ ಒಂದು ಭಾಗವನ್ನು, ಅಂದರೆ ಸುಮಾರು 200 ಮೀಟರನ್ನು, ದಾಟುತ್ತಿದ್ದ. ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ಜಿಗಿಯುತ್ತಿದ್ದ. ವೇಗದ ರೈಲಿಗಿಂತ ಮುಂದೆ ಓಡುತ್ತಿದ್ದ. ಸಿಡಿಯುವ ಗುಂಡಿಗಿಂತ ಕಡಿಮೆಯಾದುದು ಅವನ ಚರ್ಮವನ್ನು ಭೇದಿಸುತ್ತಿರಲಿಲ್ಲ. ಅಷ್ಟೆ. ಇದಕ್ಕೆ ಲೇಖಕನು ಒಂದು ವೈಜ್ಞಾನಿಕ ಸಮರ್ಥನೆಯನ್ನೂ ಒದಗಿಸಿದ್ದ. ಇರುವೆಯು ತನ್ನ ತೂಕದ ನೂರಾರು ಪಾಲು ಭಾರವನ್ನು ಹೊರುವುದಿಲ್ಲವೆ? ಮಿಡತೆಯು ತನ್ನ ದೇಹಕ್ಕೆ ಹೋಲಿಸಿದರೆ ಮನುಷ್ಯನಿಗೆ ಹಲವು ಬೀದಿಗಳಷ್ಟಾಗುವ ದೂರವನ್ನು ನೆಗೆಯುವುದಿಲ್ಲವೆ?

ಸಮರ್ಥನೆ ಸೊಗಸಾಗಿದೆ, ಆದರೆ ತಪ್ಪು. ಏಕೆ ತಪ್ಪೆಂಬುದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಐದು ಸೆಂಟಿಮೀಟರು ಉದ್ದದ ಮಿಡತೆಯೊಂದನ್ನು ಎಲ್ಲ ದಿಕ್ಕಿನಲ್ಲೂ 36 ಪಾಲು ಹಿಗ್ಗಿಸಿ ಮನುಷ್ಯನ ಅಳತೆಗೆ ತಂದೆವೆನ್ನಿ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸುವುದರಿಂದ ಅದು 36ರ ವರ್ಗದಷ್ಟು, ಎಂದರೆ 1,296 ಪಾಲು, ಹೆಚ್ಚುತ್ತದೆ. ತೂಕವಾದರೋ ಗಾತ್ರವನ್ನು ಅನುಸರಿಸಿ 46,656 ಪಾಲು ಹೆಚ್ಚುತ್ತದೆ. ಈ ದೈತ್ಯ ಮಿಡತೆ ತನ್ನ ಪುಟ್ಟ ಸೋದರಿ ನೆಗೆಯುವಷ್ಟೇ ಎತ್ತರ ನೆಗೆದರೆ ಅದೇ ದೊಡ್ಡದು. ಇನ್ನು ಸೂಪರ್‌ಮ್ಯಾನನ ನೆಗೆತ: ಇಪ್ಪತ್ತು ಅಂತಸ್ತುಗಳಿಗೆ 60 ಮೀಟರೆಂದು ಹಿಡಿದರೆ, ನೆಲ ಬಿಡುವಾಗ ಅವನ ವೇಗ ಸೆಕೆಂಡಿಗೆ ಸುಮಾರು 34 ಮೀಟರು ಇರಬೇಕು. ಮಂಡಿ ಬಾಗಿಸಿ ಮೇಲೇಳುವ ಅರ್ಧ ಮೀಟರಿನೊಳಗೇ ಆ ವೇಗ ದೊರೆಯಬೇಕಾದರೆ ಅವನ ಕಾಲುಗಳು ಅವನ ತೂಕದ 120 ಪಾಲಿಗೂ ಮಿಕ್ಕ ಬಲದಿಂದ ನೆಲವನ್ನು ಒತ್ತಬೇಕಾಗುತ್ತದೆ. ಕಾಲುದಾರಿಯ ಕಲ್ಲುಚಪ್ಪಡಿಯ ಗತಿಯೇನೆಂದು ವಾಚಕರೇ ಊಹಿಸಬಹುದು.

ಹೀಗೆಂದು ಕಥೆಯನ್ನು ತಳ್ಳಿಹಾಕಬೇಕೆ? ಬೇಕಿಲ್ಲ. ಮಿನೆಸೋಟಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ ಅವರು ಸೂಪರ್‌ಹೀರೋಗಳ ಭೌತವಿಜ್ಞಾನವನ್ನು ಕುರಿತು 2005ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಒಬ್ಬೊಬ್ಬ ವೀರನಿಗೂ ಒಂದೊಂದು ಪವಾಡವನ್ನು ತಕರಾರಿಲ್ಲದೆ ಮಂಜೂರು ಮಾಡಿ, ಉಳಿದುದೆಲ್ಲ ನಿಸರ್ಗದ ನಿಯಮಕ್ಕೆ ಒಳಪಟ್ಟಿದೆಯೆ ಎಂದು ನೋಡುವುದು ಅವರ ಕ್ರಮ. ಇದು ನ್ಯಾಯವಾದ ಒಪ್ಪಂದ. ಭೌತವಿಜ್ಞಾನದಲ್ಲಿಯೂ ನಾವು ಮನೋಪ್ರಯೋಗಗಳನ್ನು ಮಾಡುವಾಗ ಇದನ್ನೇ ಮಾಡುತ್ತೇವೆ: ಘರ್ಷಣೆ ಇಲ್ಲವೆಂದು ಕಲ್ಪಿಸುತ್ತೇವೆ, ಆದರೆ ಮಿಕ್ಕ ನಿಯಮಗಳನ್ನು ಮುಟ್ಟುವುದಿಲ್ಲ. ಕಥೆಯ ಸ್ವಾರಸ್ಯ ಹುಟ್ಟುವುದು ಮಂಜೂರಾದ ಆ ಒಂದು ಪವಾಡವು ಮಂಜೂರಾಗದ ನೂರು ನಿಯಮಗಳನ್ನು ಎದುರಿಸುವಲ್ಲಿ. ಸೂಪರ್‌ಮ್ಯಾನನಿಗಾದರೋ ಪವಾಡಗಳು ವರ್ಷೇ ವರ್ಷೇ ಸೇರುತ್ತ ಹೋದುವು. 1940ರ ದಶಕದಲ್ಲಿ ಅವನು ಹಾರಲಾರಂಭಿಸಿದ. ಕ್ರಮೇಣ ಅವನನ್ನು ತಡೆಯಬಲ್ಲುದು ಏನೂ ಉಳಿಯದಂತಾಯಿತು. ಅವನ ಕಥೆ ಬರೆಯುವವರ ಕಷ್ಟವೂ ಅಲ್ಲಿಂದಲೇ ಮೊದಲಾಯಿತು.

ಈ ಕಷ್ಟವನ್ನೂ, ಅದರ ಜೊತೆಗೆ ಬಹು ದೊಡ್ಡದೊಂದು ಸಾಹಸವನ್ನೂ ಒಟ್ಟಿಗೆ ಕಾಣಬೇಕಾದರೆ 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರವನ್ನು ನೋಡಬೇಕು. ಮನುಷ್ಯ ಹಾರಬಲ್ಲನೆಂದು ಪ್ರೇಕ್ಷಕರನ್ನು ನಂಬಿಸುವೆವೆಂಬುದೇ ಆ ಚಿತ್ರದ ಜಾಹೀರಾತು. ಗಣಕಯಂತ್ರದಿಂದ ಚಿತ್ರಗಳನ್ನು ಸೃಷ್ಟಿಸುವ ವಿದ್ಯೆ ಇನ್ನೂ ಕೈಗೆ ಬಾರದಿದ್ದ ದಿನಗಳಲ್ಲಿ ಇಂಥ ವಾಗ್ದಾನ ಮಾಡುವುದು ಸಾಮಾನ್ಯ ಧೈರ್ಯವಲ್ಲ. ಜೊರಾನ್ ಪೆರಿಸಿಕ್ ಎಂಬ ಕುಶಲಿಯು ಇದಕ್ಕೆ ಕಂಡುಕೊಂಡ ಉಪಾಯ ದೃಗ್ವಿಜ್ಞಾನದ ವಿದ್ಯಾರ್ಥಿಗಳು ತಿಳಿಯತಕ್ಕದ್ದು.

ನಟನ ಹಿಂದೆ ಒಂದು ವಿಶೇಷವಾದ ತೆರೆ. ನಮ್ಮ ಹೆದ್ದಾರಿಗಳ ಫಲಕಗಳು ರಾತ್ರಿ ವಾಹನದ ದೀಪ ಬಿದ್ದೊಡನೆ ಹೊಳೆಯುವುದನ್ನು ನೀವು ಕಂಡಿದ್ದೀರಿ. ಈ ತೆರೆಯ ಮೇಲೂ ಅದೇ ಬಗೆಯ ಸೂಕ್ಷ್ಮವಾದ ಗಾಜಿನ ಮಣಿಗಳ ಲೇಪವಿರುತ್ತದೆ. ಬೆಳಕು ಯಾವ ದಿಕ್ಕಿನಿಂದ ಬಂದಿತೋ ಅದೇ ದಿಕ್ಕಿಗೆ ಅದನ್ನು ಹಿಂದಿರುಗಿಸುವುದು ಇದರ ಗುಣ. ಕ್ಯಾಮರಾದ ಮುಂದೆ 45 ಡಿಗ್ರಿ ಓರೆಯಾಗಿ ಅರೆಪಾರಕ ಕನ್ನಡಿಯೊಂದನ್ನು ನಿಲ್ಲಿಸಿ, ಪಕ್ಕದಲ್ಲಿರುವ ಪ್ರೊಜೆಕ್ಟರಿನಿಂದ ಮೋಡ, ನಗರ ಮೊದಲಾದ ಹಿನ್ನೆಲೆಯ ಚಿತ್ರವನ್ನು ಆ ಕನ್ನಡಿಯ ಮೂಲಕ ತೆರೆಗೆ ಹಾಯಿಸುತ್ತಾರೆ. ಆಗ ಬೆಳಕು ಹೋಗುವ ಹಾದಿಯೂ ಕ್ಯಾಮರಾ ನೋಡುವ ಹಾದಿಯೂ ಒಂದೇ ಆಗುವುದರಿಂದ ನಟನ ನೆರಳು ಅವನ ಬೆನ್ನ ಹಿಂದೆಯೇ ಅಡಗಿಕೊಳ್ಳುತ್ತದೆ. ನಟನ ಮೇಲೂ ಹಿನ್ನೆಲೆಯ ಬೆಳಕು ಬೀಳುತ್ತದೆಯಾದರೂ ಅವನ ಉಡುಪು ತೆರೆಯಂತೆ ಬೆಳಕನ್ನು ನೇರವಾಗಿ ಹಿಂದಿರುಗಿಸದ ಕಾರಣ ಅದು ಕಾಣದಷ್ಟು ಮಂದವಾಗಿರುತ್ತದೆ.

ಇಷ್ಟು ಮೊದಲೇ ಬಳಕೆಯಲ್ಲಿತ್ತು. ಪೆರಿಸಿಕ್ ಸೇರಿಸಿದುದು ಒಂದೇ ಅಂಶ: ಪ್ರೊಜೆಕ್ಟರಿಗೂ ಕ್ಯಾಮರಾಕ್ಕೂ ಜೂಮ್ ಮಸೂರಗಳನ್ನು ಅಳವಡಿಸಿ, ಎರಡೂ ಒಂದೇ ಪ್ರಮಾಣದಲ್ಲಿ ತಿರುಗುವಂತೆ ಜೋಡಿಸಿದ. ಪ್ರೊಜೆಕ್ಟರು ತೆರೆಯ ಮೇಲಿನ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದಾಗ ಕ್ಯಾಮರಾ ತನ್ನ ನೋಟವನ್ನೂ ಅರ್ಧಕ್ಕೆ ಕುಗ್ಗಿಸುತ್ತದೆ. ಪರಿಣಾಮವಾಗಿ ಚಿತ್ರದಲ್ಲಿ ಹಿನ್ನೆಲೆ ಇದ್ದಂತೆಯೇ ಇರುತ್ತದೆ. ಆದರೆ ನಡುವೆ ತೂಗುತ್ತಿರುವ ನಟ ಮಾತ್ರ ಎರಡು ಪಾಲು ದೊಡ್ಡವನಾಗಿ ನಮ್ಮತ್ತ ಹಾರಿಬಂದಂತೆ ಕಾಣುತ್ತಾನೆ! ನಟನು ನಿಂತಲ್ಲಿಂದ ಅಂಗುಲವೂ ಚಲಿಸಿಲ್ಲ. ದೃಶ್ಯಪರಿಣಾಮಗಳಿಗಾಗಿ ಆ ಚಿತ್ರಕ್ಕೆ ವಿಶೇಷ ಆಸ್ಕರ್ ಪ್ರಶಸ್ತಿ ಸಂದಿತು. ಕ್ರಿಸ್ಟಫರ್ ರೀವನ ಮುಖದ ಪ್ರಸನ್ನತೆಯೂ ಕೂಡಿ ಆ ಹಾರಾಟ ಇಂದಿಗೂ ನೋಡಲು ಹಿತವಾಗಿದೆ.

ಅದೇ ಚಿತ್ರದ ಕೊನೆಯ ಭಾಗವನ್ನು ನೋಡಿ. ಖಳನು ಎರಡು ಕ್ಷಿಪಣಿಗಳನ್ನು ವಿರುದ್ಧ ದಿಕ್ಕುಗಳಿಗೆ ಬಿಡುತ್ತಾನೆ. ಮೊದಲು ಪೂರ್ವದ ಕಡೆಯದನ್ನು ತಡೆಯುವೆನೆಂದು ಸೂಪರ್‌ಮ್ಯಾನ್ ಮಾತು ಕೊಟ್ಟಿದ್ದಾನೆ. ಎಷ್ಟೇ ವೇಗವಿದ್ದರೂ ಏಕಕಾಲಕ್ಕೆ ಎರಡು ಕಡೆ ಇರಲಾರ. ಇಲ್ಲಿ ಕಥೆಗಾರರು ಬಹು ಜಾಣತನದಿಂದ ಅವನಿಗೊಂದು ಮಿತಿಯನ್ನು ನಿರ್ಮಿಸಿದ್ದಾರೆ. ಪಶ್ಚಿಮದಲ್ಲಿ ಭೂಕಂಪವಾಗುತ್ತದೆ, ಅವನು ಪ್ರೀತಿಸಿದ ಲೋಯಿಸ್ ತನ್ನ ಕಾರಿನೊಳಗೇ ಮಣ್ಣಿನಲ್ಲಿ ಹೂತು ಸಾಯುತ್ತಾಳೆ. ಕೊಟ್ಟ ಮಾತಿಗೆ ತೆತ್ತ ಬೆಲೆ! ಕಥೆ ಇಲ್ಲಿಯೇ ನಿಂತಿದ್ದರೆ ಅದೊಂದು ದುರಂತವಾಗುತ್ತಿತ್ತು. ಆದರೆ ವೀರನು ಆಕ್ರೋಶದಿಂದ ಮೇಲಕ್ಕೆ ಹಾರಿ ಭೂಮಿಯನ್ನು ಸುತ್ತತೊಡಗುತ್ತಾನೆ, ಭೂಮಿಯ ಆವರ್ತನೆ ನಿಂತು ಹಿಮ್ಮುಖವಾಗುತ್ತದೆ, ಕಾಲವೂ ಹಿಂದಕ್ಕೆ ಸರಿಯುತ್ತದೆ, ಲೋಯಿಸ್ ಬದುಕುತ್ತಾಳೆ.

ಲೆಕ್ಕ ಹಾಕಿದರೆ, ಭೂಮಿಯ ಆವರ್ತನೆಯಲ್ಲಿ ಅಡಕವಾಗಿರುವ ಚಲನಶಕ್ತಿ 2ರ ಮುಂದೆ 29 ಸೊನ್ನೆಗಳನ್ನಿಟ್ಟಷ್ಟು ಜೌಲುಗಳಿಗೂ ಸ್ವಲ್ಪ ಹೆಚ್ಚು. ಸೂರ್ಯನು ಒಂಬತ್ತು ನಿಮಿಷಗಳಲ್ಲಿ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಶಕ್ತಿಗೆ ಇದು ಸಮ. ಸಮಭಾಜಕ ವೃತ್ತದ ಬಳಿ ನೆಲವು ಸೆಕೆಂಡಿಗೆ 465 ಮೀಟರಿನಂತೆ ಪೂರ್ವಕ್ಕೆ ಓಡುತ್ತಿರುವುದರಿಂದ, ಭೂಮಿ ಥಟ್ಟನೆ ನಿಂತರೆ ಕಡಲು, ಗಾಳಿ, ಜನರು ಎಲ್ಲರೂ ಅದೇ ವೇಗದಲ್ಲಿ ಮುಂದಕ್ಕೆ ತೂರಿಹೋಗುತ್ತಾರೆ. ಇಷ್ಟಾಗಿಯೂ ಕಾಲ ಹಿಮ್ಮೆಟ್ಟುವುದಿಲ್ಲ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ನಿನ್ನೆ ಬರುವುದೆ? ಅವನು ಕಾಲದಲ್ಲಿ ಹಿಂದಕ್ಕೆ ಪಯಣಿಸಿದ, ನಾವು ನೋಡಿದ್ದು ಅದರ ನೋಟ ಮಾತ್ರ ಎಂದು ಕೆಲವರು ವಾದಿಸುವುದುಂಟು, ಒಪ್ಪಬಹುದಾದ ವಾದವೇ. ಆದರೆ ನನ್ನ ಆಕ್ಷೇಪ ಭೌತವಿಜ್ಞಾನದ್ದಷ್ಟೇ ಅಲ್ಲ. ಕಾಲವನ್ನೇ ತಿದ್ದಬಲ್ಲವನು ಇನ್ನು ಮುಂದೆ ಯಾವುದಕ್ಕೆ ಹೆದರಬೇಕು? ಅವನು ಆಯ್ಕೆ ಮಾಡಿದುದಕ್ಕೆ ಏನು ಅರ್ಥ ಉಳಿಯಿತು? ಎರಡನೆಯ ಭಾಗಕ್ಕೆಂದು ಯೋಚಿಸಿದ್ದ ಈ ಮುಕ್ತಾಯವನ್ನು ಮೊದಲನೆಯದಕ್ಕೆ ತಂದು ಜೋಡಿಸಿದರೆಂಬುದು ಚಿತ್ರದ ಇತಿಹಾಸ. ಹಾರಿಸುವುದರಲ್ಲಿ ಅಷ್ಟು ಧೈರ್ಯ ತೋರಿದವರು ಇಳಿಸುವುದರಲ್ಲಿ ಅಂಜಿದರು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. 1973ರ ಜೂನ್ ತಾರೀಖಿನ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೆಯ ಸಂಚಿಕೆ. ಲೇಖಕ ಜೆರಿ ಕಾನ್ವೆ, ಚಿತ್ರಕಾರ ಗಿಲ್ ಕೇನ್. ಗ್ರೀನ್ ಗಾಬ್ಲಿನ್ ಎಂಬ ಖಳನು ವೀರನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಗೋಪುರದಿಂದ ಕೆಳಕ್ಕೆ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಎಸೆದ ಬಲೆಯ ಎಳೆ ಅವಳ ಕಾಲಿಗೆ ತಗುಲಿ ಅವಳನ್ನು ನೀರಿಗೆ ಬೀಳದಂತೆ ನಿಲ್ಲಿಸುತ್ತದೆ. ತನ್ನ ಕೌಶಲವನ್ನು ತಾನೇ ಮೆಚ್ಚುತ್ತ ಅವಳನ್ನು ಮೇಲಕ್ಕೆಳೆದುಕೊಂಡವನಿಗೆ ದೊರೆಯುವುದು ಶವ. ಅಷ್ಟು ಎತ್ತರದಿಂದ ಬೀಳುವವರು ನೆಲ ಮುಟ್ಟುವ ಮುನ್ನವೇ ಸಾಯುತ್ತಾರೆಂದು ಖಳನು ಅಲ್ಲಿ ಹೇಳುತ್ತಾನೆ. ಇದು ಸುಳ್ಳು, ಕೊಡೆ ಬಿಚ್ಚುವ ಮೊದಲು ಕಿಲೋಮೀಟರುಗಟ್ಟಲೆ ಬೀಳುವ ವಿಮಾನದಳದ ಯೋಧರೆಲ್ಲ ಅದಕ್ಕೆ ಸಾಕ್ಷಿ. ಬೀಳುವುದು ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ನಿಲ್ಲುವುದು.

ಅವಳು 90 ಮೀಟರು ಬಿದ್ದ ಮೇಲೆ ಬಲೆ ತಗುಲಿತೆಂದು ಇಟ್ಟುಕೊಳ್ಳೋಣ. ಆಗ ಅವಳ ವೇಗ ಸೆಕೆಂಡಿಗೆ 42 ಮೀಟರು, ಎಂದರೆ ಗಂಟೆಗೆ ಸುಮಾರು 150 ಕಿಲೋಮೀಟರು. ಈ ಚಲನಶಕ್ತಿಯನ್ನೆಲ್ಲ ಬಲೆಯೇ ನುಂಗಬೇಕು. ಶಕ್ತಿಯ ನಿತ್ಯತೆಯನ್ನು ಅನ್ವಯಿಸಿದರೆ ಉತ್ತರ ಸರಳವಾಗಿ ಬರುತ್ತದೆ: ಬಿದ್ದ ದೂರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿ ಒಂದನ್ನು ಕೂಡಿಸಿ, ಅವಳ ತೂಕದ ಅಷ್ಟು ಪಾಲು ಬಲ ಸರಾಸರಿಯಾಗಿ ಅವಳ ಮೈಮೇಲೆ ಬೀಳುತ್ತದೆ. ಎಳೆಯು ಒಂದೇ ಮೀಟರಿನೊಳಗೆ ನಿಲ್ಲಿಸಿದರೆ 91 ಪಾಲು. 50 ಕಿಲೋ ತೂಗುವವಳಿಗೆ ಇದು ನಾಲ್ಕೂವರೆ ಟನ್ನಿನ ಸೆಳೆತ, ಅದೂ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ. ಎಳೆ ತಗುಲಿರುವುದು ಕಾಲಿಗೆ. ತಲೆಯೋ ಚಾಟಿಯ ತುದಿಯಂತೆ ಸ್ವತಂತ್ರವಾಗಿದೆ. ಚಿತ್ರದಲ್ಲಿ ಅವಳ ಕುತ್ತಿಗೆಯ ಬಳಿ ‘ಸ್ನ್ಯಾಪ್’ ಎಂದು ಚಿಕ್ಕಕ್ಷರಗಳಲ್ಲಿ ಬರೆದಿದ್ದರು. ಕೆಲವು ಸಂಚಿಕೆಗಳ ಬಳಿಕ ಓದುಗರ ಪತ್ರಗಳಿಗೆ ಉತ್ತರ ಕೊಡುತ್ತ, ಹಠಾತ್ತಾಗಿ ನಿಲ್ಲಿಸಿದುದೇ ಸಾವಿಗೆ ಕಾರಣವೆಂದು ಪತ್ರಿಕೆಯವರೂ ಒಪ್ಪಿಕೊಂಡರು.

ಬೇಲಿಯಾಚೆಯಿಂದ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವ ಹುಡುಗ ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದು ಈ ಲೆಕ್ಕವನ್ನು ಬಲ್ಲುದರಿಂದಲೇ. ಬೈಸಿಕಲ್ಲು ಮೋಟಾರು ಸವಾರರ ಶಿರಸ್ತ್ರಾಣದ ಒಳಗೆ ಕುಗ್ಗುವ ಪದರವಿರುವುದೂ, ಬಂಡೆ ಹತ್ತುವವರ ಹಗ್ಗ ಹಿಗ್ಗುವಂತಿರುವುದೂ ಇದಕ್ಕಾಗಿಯೇ. ಸ್ಪೈಡರ್‌ಮ್ಯಾನನ ಪವಾಡ ಬಲೆಯನ್ನು ಎಸೆಯುವವರೆಗೆ ಮಾತ್ರ ಮಂಜೂರಾಗಿತ್ತು. ಸಂವೇಗದ ನಿಯಮ ಅವನಿಗಾಗಿ ಸಡಿಲಲಿಲ್ಲ. ಅವನನ್ನು ಓದುಗರು ನಂಬುವಂತೆ ಮಾಡಿದುದು, ನನ್ನೆಣಿಕೆಯಲ್ಲಿ, ಇದೊಂದು ಪುಟ. ಉಳಿಸಹೋದ ಕೈಯೇ ಕೊಂದಿತೆಂಬ ಸಂಶಯವನ್ನು ಹೊತ್ತು ಅವನು ಬಾಳಬೇಕು. ಪ್ರಿಯ ಪಾತ್ರವನ್ನು ಕೊಂದುದಕ್ಕಾಗಿ ಅಭಿಮಾನಿಗಳು ಕಾನ್ವೆಯ ಮೇಲೆ ಸಿಡಿದೆದ್ದುದೂ ಸಹಜವೇ.

ಈ ಪುಟವನ್ನು ಚಲಚ್ಚಿತ್ರಕ್ಕೆ ತರಲು ನಾಲ್ಕು ದಶಕಗಳೇ ಬೇಕಾದುವು. 2002ರಲ್ಲಿ ಸ್ಯಾಮ್ ರೈಮಿಯ ‘ಸ್ಪೈಡರ್‌ಮ್ಯಾನ್’ ಬಂದಾಗ ಸೇತುವೆಯೂ ಇತ್ತು, ಗಾಬ್ಲಿನ್ನನೂ ಇದ್ದ. ಬೀಳುವವಳು ಮಾತ್ರ ಬೇರೊಬ್ಬಳು, ಮೇರಿ ಜೇನ್. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಮಕ್ಕಳು ತುಂಬಿದ ತೂಗುಬಂಡಿ. ಯಾರನ್ನು ಉಳಿಸುವೆ ಎಂದು ಖಳನ ಸವಾಲು. ವೀರನು ಇಬ್ಬರನ್ನೂ ಉಳಿಸುತ್ತಾನೆ. ಪ್ರಶ್ನೆಪತ್ರಿಕೆಯನ್ನು ಕಠಿಣವಾಗಿ ಬರೆದು ಎಲ್ಲರಿಗೂ ಪೂರ್ಣಾಂಕ ಕೊಟ್ಟಂತಾಯಿತು. ಅದೇ ನಿರ್ದೇಶಕನ 2004ರ ಎರಡನೆಯ ಚಿತ್ರ ಎಷ್ಟೋ ಮೇಲು. ಅಲ್ಲಿ ಓಡುವ ರೈಲನ್ನು ಕಾಲಿನಿಂದ ತಡೆಯಹೋಗಿ ಸೋತು, ಕೊನೆಗೆ ಇಕ್ಕೆಲದ ಕಟ್ಟಡಗಳಿಗೆ ಹತ್ತಾರು ಎಳೆಗಳನ್ನು ಬಿಗಿದು ಬಹುದೂರದವರೆಗೆ ಹಿಗ್ಗಿಸುತ್ತ ನಿಲ್ಲಿಸುತ್ತಾನೆ. ನಿಲ್ಲುವ ದೂರ ಹೆಚ್ಚಾದುದರಿಂದ ಒಳಗಿನ ಜನ ಬದುಕುತ್ತಾರೆ. ಮೂರ್ಛೆಹೋದ ಅವನನ್ನು ಪ್ರಯಾಣಿಕರು ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ. ಮುಸುಕು ಕಳಚಿದೆ, ಇವನಿನ್ನೂ ಹುಡುಗ ಎಂದು ಅವರಿಗೆ ಆಗ ತಿಳಿಯುತ್ತದೆ.

2014ರಲ್ಲಿ ಮಾರ್ಕ್ ವೆಬ್ ನಿರ್ದೇಶಿಸಿದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’ ಚಿತ್ರದಲ್ಲಿ ಗ್ವೆನ್ ನಿಜವಾಗಿಯೂ ಸಾಯುತ್ತಾಳೆ. ಗಡಿಯಾರದ ಗೋಪುರದೊಳಗೆ ಬೀಳುವ ಅವಳ ಹಿಂದೆ ಬಲೆಯ ಎಳೆ ಬೆರಳುಗಳಿರುವ ಕೈಯಂತೆ ಚಾಚಿಕೊಳ್ಳುತ್ತ ಹೋಗಿ ಹಿಡಿಯುತ್ತದೆ, ಕ್ಷಣ ತಡವಾಗಿರುತ್ತದೆ. ಆ ದೃಶ್ಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಲೇ ಹೇಳಬೇಕು, ಚಿತ್ರ ಒಟ್ಟಾರೆ ಸೊರಗಿದೆ. ಮೂವರು ಖಳರು, ಮುಂದಿನ ಚಿತ್ರಗಳಿಗೆ ಈಗಲೇ ಹಾಸಿದ ಹಾದಿಗಳು, ಇವುಗಳ ನಡುವೆ ಗ್ವೆನಳ ಸಾವಿಗೆ ಉಸಿರಾಡಲು ಸ್ಥಳವಿಲ್ಲ. ಧೈರ್ಯವೊಂದೇ ಕಥೆಯನ್ನು ಉಳಿಸದು.

ನಿರ್ಮಾಪಕರು ಅಂಜುವುದಕ್ಕೆ ಕಾರಣ ಗುಟ್ಟೇನಲ್ಲ. ಇಂಥ ದೊಡ್ಡ ಚಿತ್ರವೊಂದಕ್ಕೆ 20 ಕೋಟಿ ಡಾಲರು ಖರ್ಚಾಗುವುದು ಇಂದು ಅಪರೂಪವಲ್ಲ. 2008ರ ‘ಐರನ್ ಮ್ಯಾನ್’ನಿಂದ ಮೊದಲಾದ ಮಾರ್ವೆಲ್ ಸರಣಿಯ 22ನೆಯ ಚಿತ್ರ, 2019ರ ‘ಅವೆಂಜರ್ಸ್: ಎಂಡ್‌ಗೇಮ್’, ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರನ್ನು ಗಳಿಸಿತು. ಅದರ ಹಿಂದಿನ ವರ್ಷದ ಚಿತ್ರದಲ್ಲಿ ಥಾನೋಸ್ ಎಂಬುವನು ಚಿಟಿಕೆ ಹೊಡೆದು ವಿಶ್ವದ ಜೀವಿಗಳಲ್ಲಿ ಅರ್ಧದಷ್ಟನ್ನು ಇಲ್ಲವಾಗಿಸಿದ್ದ. ಸಂಪನ್ಮೂಲಗಳ ಕೊರತೆಗೆ ಇದೇ ಪರಿಹಾರವೆಂದು ಅವನ ಎಣಿಕೆ. ಪಾಪ, ಅವನಿಗೆ ಗುಣಾತ್ಮಕ ವೃದ್ಧಿಯ ಗಣಿತ ಬಾರದು! 2018ರಲ್ಲಿ ಭೂಮಿಯ ಜನಸಂಖ್ಯೆ ಸುಮಾರು 760 ಕೋಟಿ. ಅದರ ಅರ್ಧವು 1970ರ ದಶಕದ ಆರಂಭದ ಜನಸಂಖ್ಯೆ. ಅಷ್ಟೆಲ್ಲ ಮಾಡಿ ಅವನು ನಮಗೆ ಗಳಿಸಿಕೊಟ್ಟುದು ಐವತ್ತು ವರ್ಷಗಳಿಗಿಂತ ಕಡಿಮೆ. ಇರಲಿ. ‘ಎಂಡ್‌ಗೇಮ್’ ಕಾಲಪ್ರಯಾಣದ ನೆರವಿನಿಂದ ಸತ್ತವರನ್ನು ಹಿಂದಕ್ಕೆ ತಂದಿತಾದರೂ 1978ರ ತಪ್ಪನ್ನು ಪೂರ್ತಿ ಮಾಡಲಿಲ್ಲ. ನಡುವೆ ಕಳೆದ ಐದು ವರ್ಷಗಳನ್ನು ಅಳಿಸಕೂಡದೆಂಬುದು ಟೋನಿ ಸ್ಟಾರ್ಕನ ಷರತ್ತು, ಏಕೆಂದರೆ ಆ ವರ್ಷಗಳಲ್ಲಿ ಅವನಿಗೊಬ್ಬ ಮಗಳು ಹುಟ್ಟಿದ್ದಾಳೆ. ಕೊನೆಗೆ ಬೆಲೆ ತೆರುವವನೂ ಅವನೇ. ಹನ್ನೊಂದು ವರ್ಷ ಸರಣಿಯನ್ನು ಹೊತ್ತ ಪಾತ್ರ ಅಲ್ಲಿಗೆ ಮುಗಿಯಿತು.

ಆದರೆ ಈ ಕ್ಷೇತ್ರದಲ್ಲಿ ಸಾವು ಕೂಡ ತಾತ್ಕಾಲಿಕ. 2017ರ ‘ಲೋಗನ್’ ಚಿತ್ರದಲ್ಲಿ, ಗಾಯವನ್ನು ತಾನೇ ಮಾಯಿಸಿಕೊಳ್ಳಬಲ್ಲ ವೀರನು ಮುದುಕನಾಗಿದ್ದಾನೆ. ಅವನ ಎಲುಬುಗಳಿಗೆ ಹೊದಿಸಿದ ಲೋಹವೇ ಅವನಿಗೆ ವಿಷವಾಗುತ್ತಿದೆ. ಗಾಯಗಳು ಮಾಯುವುದು ನಿಧಾನವಾಗಿದೆ. ಜೇಮ್ಸ್ ಮ್ಯಾನ್‌ಗೋಲ್ಡ್ ಅವನನ್ನು ಗೌರವದಿಂದ ಮಣ್ಣು ಮಾಡಿದ. ಆ ಚಿತ್ರದ ಬರವಣಿಗೆ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು. 2024ರ ‘ಡೆಡ್‌ಪೂಲ್ ಆಂಡ್ ವುಲ್ವರಿನ್’ ಮೊದಲಾಗುವುದೇ ಆ ಗೋರಿಯನ್ನು ಅಗೆಯುವುದರೊಂದಿಗೆ. ಒಂದು ವಿಶ್ವದಲ್ಲಿ ಸತ್ತರೇನು, ಪಕ್ಕದ ವಿಶ್ವದಿಂದ ಇನ್ನೊಬ್ಬನನ್ನು ತಂದರಾಯಿತು! ಬಹುವಿಶ್ವ ಕಲ್ಪನೆಯನ್ನು ಭೌತವಿಜ್ಞಾನಿಗಳು ಗಂಭೀರವಾಗಿ ಚರ್ಚಿಸುತ್ತಿದ್ದಾರೆ. ಕಥೆಗಾರರಿಗೆ ಅದು ಸಾಲ ತೀರಿಸದೆ ಊರು ಬಿಡುವ ದಾರಿಯಾಗಿದೆ.

ಅದೇ ಬಹುವಿಶ್ವವನ್ನು ಹೇಗೆ ಬಳಸಬಹುದೆಂಬುದಕ್ಕೆ 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್’ ಎಂಬ ಚಲನಚಿತ್ರಿತ ಕಥೆ ನಿದರ್ಶನ. ಇಲ್ಲಿ ಸಾಹಸವಿರುವುದು ರೂಪದಲ್ಲಿ. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಹಾಯ್ದುಹೋಗುತ್ತವೆ. ಮಿದುಳು ಅವುಗಳಿಂದ ಚಲನೆಯನ್ನು ಕಟ್ಟಿಕೊಳ್ಳುತ್ತದೆ. ಗಣಕಯಂತ್ರದಿಂದ ರಚಿಸಿದ ಚಿತ್ರಗಳಲ್ಲಿ ಪ್ರತಿಯೊಂದು ಚೌಕಟ್ಟಿಗೂ ಹೊಸ ಭಂಗಿ ಇರುವುದು ಪದ್ಧತಿ. ಇವರು ಒಂದೊಂದು ಭಂಗಿಯನ್ನೂ ಎರಡೆರಡು ಚೌಕಟ್ಟುಗಳವರೆಗೆ ನಿಲ್ಲಿಸಿ, ಸೆಕೆಂಡಿಗೆ 12 ಭಂಗಿಗಳಲ್ಲೇ ಚಲನೆಯನ್ನು ತೋರಿಸಿದರು. ವೇಗದ ಚಲನೆಗೆ ಸಹಜವಾದ ಮಸುಕನ್ನೂ ಕೈಬಿಟ್ಟರು. ಅಗ್ಗದ ಮುದ್ರಣದಲ್ಲಿ ಬಣ್ಣಗಳು ಅಂಚು ತಪ್ಪುವಂತೆ ಇಲ್ಲಿಯೂ ತಪ್ಪಿಸಿದರು. ಕಾಡಿನಲ್ಲಿ ಅನುಭವಿಯಾದ ಪೀಟರನೂ ಕಲಿಯುವ ಹುಡುಗ ಮೈಲ್ಸನೂ ಜೊತೆಯಾಗಿ ಬಲೆಯ ಮೇಲೆ ತೂಗುವ ದೃಶ್ಯವೊಂದಿದೆ. ಪೀಟರನ ಚಲನೆಗೆ 24 ಭಂಗಿ, ಮೈಲ್ಸನಿಗೆ 12. ಒಬ್ಬ ನಯವಾಗಿ ಸಾಗುತ್ತಾನೆ, ಇನ್ನೊಬ್ಬ ಮುಗ್ಗರಿಸುತ್ತಾನೆ. ನೋಡುವವನಿಗೆ ಕಾರಣ ಗೊತ್ತಾಗದು, ಪರಿಣಾಮ ಗೊತ್ತಾಗುತ್ತದೆ.

ಆ ಹುಡುಗ ಮೊದಲ ಬಾರಿ ಗಗನಚುಂಬಿ ಕಟ್ಟಡದಿಂದ ಧುಮುಕುವಾಗ ಬೆರಳುಗಳು ಗಾಜಿಗೆ ಅಂಟಿಕೊಂಡೇ ಇವೆ. ಭಯದಿಂದ ಬಿಡಲಾರ. ಹಾರಿದಾಗ ಗಾಜೇ ಒಡೆದು ಚೂರುಗಳು ಜೊತೆಗೆ ಬರುತ್ತವೆ. ಕ್ಯಾಮರಾ ತಲೆಕೆಳಗಾಗಿರುವುದರಿಂದ ಬೀಳುವವನು ಏರುವಂತೆ ಕಾಣುತ್ತಾನೆ. ಹೇಳದೆಯೇ ಎಷ್ಟು ಹೇಳಿದ್ದಾರೆ! ಆ ವರ್ಷದ ಚಲನಚಿತ್ರಿತ ಕಥೆಗಳಲ್ಲಿ ಶ್ರೇಷ್ಠವಾದುದಕ್ಕೆ ಸಲ್ಲುವ ಆಸ್ಕರ್ ಪ್ರಶಸ್ತಿ ಇದಕ್ಕೆ ದೊರೆಯಿತು.

ಇದಕ್ಕೆಲ್ಲ ಅಮೆರಿಕದ ಹಣವೇ ಬೇಕೆಂದೇನೂ ಇಲ್ಲ. ನೆರೆಯ ಕೇರಳದಲ್ಲಿ ಬೇಸಿಲ್ ಜೋಸೆಫ್ ನಿರ್ದೇಶಿಸಿ 2021ರ ಡಿಸೆಂಬರಿನಲ್ಲಿ ಬಂದ ‘ಮಿನ್ನಲ್ ಮುರಳಿ’ಯಲ್ಲಿ ಒಂದೇ ರಾತ್ರಿ ಒಂದು ಹಳ್ಳಿಯ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ದರ್ಜಿಯಾದ ಜೈಸನ್ ವೀರನಾಗುತ್ತಾನೆ. ಊರೆಲ್ಲ ಹುಚ್ಚನೆಂದು ಹೀಯಾಳಿಸುತ್ತಿದ್ದ ಶಿಬು ಖಳನಾಗುತ್ತಾನೆ. ಪ್ರಯೋಗಶಾಲೆಯಲ್ಲಿ ನಾವು ಬಯಸುವುದು ಇದನ್ನೇ ಅಲ್ಲವೆ? ಎರಡು ವಸ್ತುಗಳಿಗೆ ಒಂದೇ ಕಾರಣವನ್ನು ಕೊಟ್ಟು, ಬೇರೆ ಬೇರೆ ಫಲ ಬಂದರೆ ವ್ಯತ್ಯಾಸ ಎಲ್ಲಿದೆ ಎಂದು ಹುಡುಕುವುದು. ಗುರು ಸೋಮಸುಂದರಂ ಅಭಿನಯಿಸಿದ ಶಿಬುವಿನ ಒಲವನ್ನು ಕಂಡ ಪ್ರೇಕ್ಷಕ ಅವನ ಸೋಲಿಗೆ ಚಪ್ಪಾಳೆ ತಟ್ಟಲಾರ.

ಮತ್ತೆ ಗ್ವೆನಳ ವಿಷಯ. 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಚಿತ್ರದಲ್ಲಿ, 2014ರಲ್ಲಿ ಅವಳನ್ನು ಕಳೆದುಕೊಂಡ ಅದೇ ಪೀಟರ್ (ಆಂಡ್ರೂ ಗಾರ್‌ಫೀಲ್ಡ್) ಬೇರೊಂದು ವಿಶ್ವದಿಂದ ಬರುತ್ತಾನೆ. ಲಿಬರ್ಟಿ ಪ್ರತಿಮೆಯ ಸುತ್ತ ಕಟ್ಟಿದ ಅಟ್ಟಣಿಗೆಯಿಂದ ಇನ್ನೊಬ್ಬ ಹುಡುಗಿ ಬೀಳುತ್ತಾಳೆ. ಈ ಸಲ ಅವನು ಮೇಲಿನಿಂದ ಎಳೆ ಎಸೆಯುವುದಿಲ್ಲ. ತಾನೇ ಧುಮುಕಿ, ಬೀಳುತ್ತ ಬೀಳುತ್ತ ಅವಳನ್ನು ತೋಳಿನಲ್ಲಿ ತೆಗೆದುಕೊಂಡು, ಬಳಿಕ ಎಳೆಯನ್ನು ಹೂಡಿ ನೆಲಕ್ಕಿಳಿಸುತ್ತಾನೆ. ಇಬ್ಬರ ವೇಗವೂ ಹೆಚ್ಚುಕಡಿಮೆ ಒಂದೇ ಆದಾಗ ಹಿಡಿದರೆ ಪೆಟ್ಟಿಲ್ಲ. ಆಮೇಲೆ ವೇಗವನ್ನು ಎಳೆಯ ಬಾಗಿನ ಮೇಲೆ ಮೆಲ್ಲಗೆ ತಗ್ಗಿಸಬಹುದು. ಕ್ಷೇಮವೆ ಎಂದು ಅವಳನ್ನು ಕೇಳುವ ಅವನ ಕಣ್ಣು ತುಂಬಿರುತ್ತದೆ. ಕಡೆಗೆ ಅವಳೇ ಅವನ ಕ್ಷೇಮವನ್ನು ವಿಚಾರಿಸಬೇಕಾಗುತ್ತದೆ. ಗ್ವೆನ್ ಮರಳಿ ಬರುವುದಿಲ್ಲ.

ಎರಡು ತಿಂಗಳ ನಂತರ ಒಂದು ದಿನ ಕಲ್ಲನ್ನು ಬಿಟ್ಟು ಗ್ವೆನಳನ್ನೇ ಕರಿಹಲಗೆಯ ಮೇಲೆ ಬೀಳಿಸಿದೆ. ತರಗತಿ ಈ ಸಲ ನಗಲಿಲ್ಲ. ಎಳೆ 10 ಮೀಟರು ಹಿಗ್ಗಿದ್ದರೆ ಅವಳ ತೂಕದ 10 ಪಾಲು, 30 ಮೀಟರು ಹಿಗ್ಗಿದ್ದರೆ 4 ಪಾಲು ಎಂದು ಬರೆದು ನಿಲ್ಲಿಸಿದೆ. ಹಿಂದಿನ ಬೆಂಚಿನ ವಿದ್ಯಾರ್ಥಿ ಅದನ್ನು ಬರೆದುಕೊಂಡು ಬಹಳ ಹೊತ್ತು ನೋಡುತ್ತಿದ್ದ. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ನೀವು ಗಾಳಿಯ ತಡೆಯನ್ನ ಬಿಟ್ಟುಬಿಟ್ಟಿದ್ದೀರಿ” ಎಂದಳು. ಹೌದು, ಬಿಟ್ಟಿದ್ದೆ. ಬೀಳುವ ಮನುಷ್ಯನ ಅಂತ್ಯವೇಗ ಸೆಕೆಂಡಿಗೆ 55 ಮೀಟರೆಂದು ಹಿಡಿದು ಇಬ್ಬರೂ ಸೇರಿ ಮತ್ತೆ ಲೆಕ್ಕ ಹಾಕಿದೆವು. 42 ಹೋಗಿ 37 ಬಂದಿತು.